ಮೇಲೆ ಕೆಂಡ, ಕೆಳಗೆ ಕೆಂಡ

ಪಾತ್ರೆಪಡಗಗಳಲ್ಲಿಯೂ ಮೇಲು ಕೀಳೆಂಬ ಭೇದವುಂಟು. ಬೆಳ್ಳಿಯ ಲೋಟ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಸುಖವಾಗಿರುತ್ತದೆ. ತಾಮ್ರದ ಹಂಡೆಗೂ ಹಿತ್ತಾಳೆಯ ಕೊಳದಪ್ಪಲೆಗೂ ವರ್ಷಕ್ಕೊಂದೆರಡು ಬಾರಿಯಾದರೂ ಹುಣಿಸೆಹಣ್ಣಿನ ಸ್ನಾನವಾಗಿ, ಹಬ್ಬದ ದಿನ ನಾಲ್ಕು ಜನರ ಕಣ್ಣಿಗೆ ಬೀಳುವ ಭಾಗ್ಯವಿದೆ. ಸ್ಟೀಲಿನವು ಗುಮಾಸ್ತರಂತೆ, ದಿನವೂ ದುಡಿಯುತ್ತವೆ, ಯಾರೂ ಹೆಸರು ಕೇಳುವುದಿಲ್ಲ. ಇವೆಲ್ಲಕ್ಕಿಂತ ಕೆಳಗೆ, ಒಲೆಯ ಪಕ್ಕದ ಮೂಲೆಯಲ್ಲಿ ಮಸಿ ಬಳಿದುಕೊಂಡು ಕುಳಿತಿರುವುದು ಕಬ್ಬಿಣ. ಮದುವೆಯ ಉಡುಗೊರೆಯಾಗಿ ಯಾರಾದರೂ ಕಬ್ಬಿಣದ ಬಾಣಲೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಆದರೂ ಎಂಥ ಶ್ರೀಮಂತರ ಮನೆಯಲ್ಲಿಯೂ ಬೆಳ್ಳಿಯ ಕಾವಲಿಯ ಮೇಲೆ ದೋಸೆ ಹೊಯ್ಯುವುದಿಲ್ಲವೆಂಬುದು ಕಬ್ಬಿಣಕ್ಕೆ ಸಮಾಧಾನದ ವಿಷಯವಾಗಿರಬೇಕು.

ಎರಕ ಹೊಯ್ದ ಕಬ್ಬಿಣಕ್ಕೆ ಕನ್ನಡದಲ್ಲಿ ‘ಬೀಡು’ ಎಂಬ ಮಾತಿದೆ. ಬೀಡೆಂದರೆ ನೆಲೆ, ಇಳಿದುಕೊಳ್ಳುವ ಸ್ಥಳ, ಪಾಳೆಯ ಎಂದು ಹಳಗನ್ನಡದ ಪಾಠ ಹೇಳುವಾಗ ನೂರು ಸಲ ಹೇಳಿದ್ದೇನೆ. ಎರಡೂ ಬೇರೆ ಬೇರೆ ಮಾತುಗಳೇ ಇರಬಹುದು. ಆದರೆ ಒಮ್ಮೆ ಒಲೆಯ ಮೇಲೆ ಕುಳಿತರೆ ಏಳಲೊಲ್ಲದ ಆ ಭಾರವನ್ನು ಎತ್ತಿ ನೋಡಿದವನಿಗೆ ಒಂದೇ ಮಾತೆಂದು ನಂಬುವ ಮನಸ್ಸಾಗುತ್ತದೆ. ಬಡಿದು ಮಾಡಿದ ಕಬ್ಬಿಣಕ್ಕೂ ಬೀಡಿಗೂ ಇರುವ ವ್ಯತ್ಯಾಸವೆಲ್ಲ ಇಂಗಾಲದ್ದು. ಬೀಡಿನಲ್ಲಿ ನೂರಕ್ಕೆ ೨ ಪಾಲಿಗಿಂತ ಹೆಚ್ಚು ಇಂಗಾಲ ಸೇರಿರುತ್ತದೆ. ಆದ್ದರಿಂದಲೇ ಅದು ಶುದ್ಧ ಕಬ್ಬಿಣಕ್ಕಿಂತ ಕಡಿಮೆ ಶಾಖಕ್ಕೆ ಕರಗಿ ಅಚ್ಚಿನೊಳಕ್ಕೆ ಸರಾಗವಾಗಿ ಇಳಿಯುತ್ತದೆ. ಆದ್ದರಿಂದಲೇ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಸೊಟ್ಟಗಾಗುವ ಬದಲು ಸೀಳಿಹೋಗುತ್ತದೆ. ಬಗ್ಗುವುದು ಅದರ ಜಾಯಮಾನವಲ್ಲ. ಮರಳಿನ ಅಚ್ಚಿನಲ್ಲಿ ಕಬ್ಬಿಣದ ಅಡಿಗೆ ಪಾತ್ರೆಗಳನ್ನು ಎರಕ ಹೊಯ್ಯುವ ವಿಧಾನಕ್ಕೆ ಇಂಗ್ಲೆಂಡಿನ ಅಬ್ರಹಾಂ ಡಾರ್ಬಿ ೧೭೦೭ರಲ್ಲಿ ಹಕ್ಕುಪತ್ರ ಪಡೆದ. ನಮ್ಮ ಜಿಲ್ಲೆಯೂ ಕಬ್ಬಿಣಕ್ಕೆ ಹೊಸದಲ್ಲ. ೧೮೦೦ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿಗಳ ಕಡೆ ಕಬ್ಬಿಣ ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಳೆಯ ನೀರು ಹೊತ್ತು ತಂದ ಕಪ್ಪು ಮರಳಿನಿಂದಲೂ ಕಬ್ಬಿಣ ತೆಗೆಯುತ್ತಿದ್ದರಂತೆ. ಹಾಗಲವಾಡಿ ಗುಬ್ಬಿ ತಾಲ್ಲೂಕಿನದೇ. ಆದರೆ ಆ ಕುಲುಮೆಗಳಲ್ಲಿ ಬಂದದ್ದು ಬಡಿಯುವ ಕಬ್ಬಿಣ. ಬೀಡು ನಮ್ಮ ಸಂಸ್ಥಾನದಲ್ಲಿ ಹೊಳೆಯಾಗಿ ಹರಿದದ್ದು ೧೯೨೩ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸ ಆರಂಭಿಸಿದ ಮೇಲೆ.

ಗುಬ್ಬಿ ಎಂದೊಡನೆ ಜನಕ್ಕೆ ೧೮೮೪ರ ನಾಟಕ ಕಂಪನಿಯೂ ವೀರಣ್ಣನವರೂ ನೆನಪಾಗುತ್ತಾರೆ. ಕುಣಿಗಲ್ ಎಂದೊಡನೆ ಕೆರೆ, ಅದರ ಹಾಡು, ಆಮೇಲೆ ಕುದುರೆಗಳು. ನಮ್ಮ ಮನೆಯಲ್ಲಿ ಮಾತ್ರ ಗುಬ್ಬಿ ಎಂದರೆ ಒಂದು ಬಾಣಲೆ, ಕುಣಿಗಲ್ ಎಂದರೆ ಆ ಬಾಣಲೆಯನ್ನು ಪಳಗಿಸಿದ ಕೈ. ಬಾಣಲೆಯನ್ನು ಕೊಂಡವರು ನನ್ನ ತಂದೆಯ ತಾಯಿ. ಶಿವರಾತ್ರಿಯಲ್ಲಿ ನಡೆಯುವ ಸಿದ್ಧಗಂಗೆಯ ಜಾತ್ರೆಗೆ ಎತ್ತು ನೋಡಲು ಹೋದ ತಾತನ ಜೊತೆ ಹೋಗಿ, ಎತ್ತು ಕುದುರದೆ, ಬಾಣಲೆ ಕುದುರಿಸಿಕೊಂಡು ಬಂದರಂತೆ. ಎರಡು ಕಿವಿ, ಚಪ್ಪಟೆಯಾದ ತಳ, ಅಂಗೈಯಗಲ ಎತ್ತರದ ಅಂಚು. ಮುಚ್ಚಳವೆಂದು ಬೇರೆ ಏನೂ ಇರಲಿಲ್ಲ. ಮನೆಯ ದೊಡ್ಡ ಕಾವಲಿಯೇ ಅದರ ಬಾಯಿಗೆ ಸರಿಯಾಗಿ ಕೂರುತ್ತಿತ್ತು. ಕುಣಿಗಲ್ ಸೀಮೆಯ ಹಳ್ಳಿಯಿಂದ ೧೯೬೫ರಲ್ಲಿ ಗುಬ್ಬಿಯ ಮನೆಗೆ ಸೊಸೆಯಾಗಿ ಬಂದ ನನ್ನ ತಾಯಿಗೆ ಆ ಬಾಣಲೆ ಅತ್ತೆಯ ಕೈಯಿಂದ ಬಂತು.

ತಂದೆಯವರು ತೀರಿಕೊಂಡ ಮೇಲೆ ೨೦೧೯ರಲ್ಲಿ ಗುಬ್ಬಿಯ ಮನೆಯನ್ನು ಮಾರಿದೆವು. ಮೂವರು ಮಕ್ಕಳು ಮೂರು ಕಡೆ ಇರುವಾಗ ಹೆಂಚಿನ ಮನೆಯನ್ನು ಕಾಯುವವರು ಯಾರು? ಪಾತ್ರೆಗಳನ್ನು ತೂಕ ಹಾಕಿದರು. ತಾಮ್ರದ ಹಂಡೆ ದೊಡ್ಡಣ್ಣನಿಗೆ, ಹಿತ್ತಾಳೆಯದು ಚಿಕ್ಕಣ್ಣನಿಗೆ, ಕಂಚಿನ ತಟ್ಟೆಗಳೂ ದೀಪದ ಕಂಬಗಳೂ ನನಗೆ. ಕಬ್ಬಿಣವನ್ನು ಯಾರೂ ತಕ್ಕಡಿಗೆ ಹಾಕಲಿಲ್ಲ. ಅದು ಗುಜರಿಯವನ ಗಾಡಿಯ ಕಡೆ ಹೊರಟಿದ್ದಾಗ ಅಮ್ಮ, ಅಷ್ಟು ಹೊತ್ತೂ ಜಗಲಿಯ ಮೇಲೆ ಮಾತಿಲ್ಲದೆ ಕುಳಿತಿದ್ದವರು, “ಆ ಬಾಣಲೆ, ಆ ಕಾವಲಿ ಇತ್ಲಾಗೆ ಇಡ್ರಪ್ಪಾ” ಎಂದರು. ಅಷ್ಟೇ. ಅದು ಯಾರ ಪಾಲು ಎಂದು ಯಾರೂ ಕೇಳಲಿಲ್ಲ. ನನ್ನ ಕಾರಿನ ಡಿಕ್ಕಿಯಲ್ಲಿ ಜಾಗವಿದ್ದುದರಿಂದ ತುಮಕೂರಿಗೆ ಬಂದು ಅಟ್ಟ ಸೇರಿತು.

ಅಮ್ಮನಿಗೂ ಒಂದು ವ್ಯವಸ್ಥೆಯಾಯಿತು. ವರ್ಷದಲ್ಲಿ ನಾಲ್ಕು ತಿಂಗಳು ಬೆಂಗಳೂರಿನ ದೊಡ್ಡಣ್ಣನ ಮನೆ, ನಾಲ್ಕು ತಿಂಗಳು ಮೈಸೂರಿನ ಚಿಕ್ಕಣ್ಣನ ಮನೆ, ನಾಲ್ಕು ತಿಂಗಳು ನಮ್ಮಲ್ಲಿ. ಇದನ್ನು ಓದುತ್ತಿರುವವರಲ್ಲಿ ಅನೇಕರ ಮನೆಗಳಲ್ಲಿ ಇಂಥ ಪಂಚಾಂಗವಿರುತ್ತದೆ, ವಿವರಿಸಬೇಕಾದ ಅಗತ್ಯವಿಲ್ಲ. ಮೂರು ಮನೆಗಳಲ್ಲಿಯೂ ಅವರಿಗೆ ಕೊರತೆಯೇನಿಲ್ಲ. ಹಾಸಿಗೆ, ಔಷಧಿ, ಟಿವಿ, ಹೊತ್ತಿಗೆ ಸರಿಯಾಗಿ ಊಟ, ಎಲ್ಲ ಇದೆ. ಒಲೆಯೊಂದಿಲ್ಲ. ನನ್ನ ಹೆಂಡತಿಯ ಅಡಿಗೆಮನೆ ನನ್ನ ಹೆಂಡತಿಯದು. ಅಮ್ಮ ಅದರ ಹೊಸ್ತಿಲ ಆಚೆ ನಿಂತು ನೀರು ಕೇಳಿ ಕುಡಿಯುತ್ತಿದ್ದರು. ಯಾರೂ ಬರಬೇಡಿರೆಂದಿಲ್ಲ, ಯಾರೂ ಬನ್ನಿರೆಂದೂ ಇಲ್ಲ. ಅತ್ತೆ ಸೊಸೆಯರ ನಡುವೆ ಜಗಳವಿದ್ದರೆ ಬಿಡಿಸಬಹುದು. ಮರ್ಯಾದೆಯಿದ್ದರೆ ಏನು ಮಾಡುವುದು?

ಹೀಗಿರುವಲ್ಲಿ ನನ್ನ ಮಗಳಿಗೆ ದಾಲ್ಚಿನ್ನಿಯ ಸುರುಳಿ ಬನ್ನು ಮಾಡಬೇಕೆಂಬ ಹಂಬಲ ಹುಟ್ಟಿತು. ಸ್ವೀಡನ್ನಿಗೆ ಹೋಗಿರುವ ಗೆಳತಿಯೊಬ್ಬಳು ಅದರ ಚಿತ್ರ ಕಳಿಸಿದ್ದಳಂತೆ. ಆ ದೇಶದವರಿಗೆ ಈ ಬನ್ನಿನ ಮೇಲೆ ಎಷ್ಟು ಭಕ್ತಿಯೆಂದರೆ, ೧೯೯೯ರಿಂದ ಈಚೆಗೆ ಅಕ್ಟೋಬರ್ ೪ನ್ನು ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ಗಾಂಧೀಜಯಂತಿಯಾದ ಎರಡೇ ದಿನಕ್ಕೆ ಬನ್ನಿನ ಜಯಂತಿ. ಮೈದಾ ಹಿಟ್ಟನ್ನು ಈಸ್ಟ್ ಹಾಕಿ ಹುದುಗಿಸಿ, ಲಟ್ಟಿಸಿ, ಬೆಣ್ಣೆ ಸವರಿ, ಸಕ್ಕರೆಯನ್ನೂ ಚಕ್ಕೆಯ ಪುಡಿಯನ್ನೂ ಹರಡಿ, ಚಾಪೆಯಂತೆ ಸುತ್ತಿ, ತುಂಡು ಮಾಡಿ ಬೇಯಿಸುವುದು. ಅಮೆರಿಕದವರು ಇದನ್ನು ಬೀಡಿನ ಬಾಣಲೆಯಲ್ಲಿಯೇ ಸಾಲಾಗಿ ಜೋಡಿಸಿ ಓವನ್ನಿನೊಳಗಿಡುವುದೂ ಉಂಟು.

ಚಕ್ಕೆಯ ಹೆಸರುಗಳ ಕಥೆ ಸ್ವಾರಸ್ಯವಾಗಿದೆ. ಸಂಸ್ಕೃತದಲ್ಲಿ ತ್ವಕ್, ಎಂದರೆ ಚರ್ಮ, ತೊಗಟೆ. ಕನ್ನಡದಲ್ಲಿ ಚಕ್ಕೆ, ಮರದಿಂದ ಎದ್ದು ಬಂದದ್ದೆಲ್ಲ ಚಕ್ಕೆಯೇ. ದಾಲ್ಚಿನ್ನಿ ಎಂಬುದು ಪಾರಸಿಯ ದಾರ್‌ಚೀನೀ. ಚೀನದ ಮರವೆಂದು ಅರ್ಥ. ಸ್ವೀಡನ್ನಿನವರು ಹೇಳುವ ‘ಕನೇಲ್’ ಎಂಬ ಹೆಸರಿನ ಮೂಲಕ್ಕೆ ಹೋದರೆ ಸಣ್ಣ ಕೊಳವೆ ಎಂದಾಗುತ್ತದೆ. ಒಬ್ಬರು ತೊಗಟೆಯನ್ನು ಕಂಡರು, ಒಬ್ಬರು ದೇಶವನ್ನು, ಒಬ್ಬರು ಆಕಾರವನ್ನು. ಪರಿಮಳಕ್ಕೆ ಮಾತ್ರ ಯಾರೂ ಹೆಸರಿಡಲಿಲ್ಲ. ಸಿಂಹಳದ ನಿಜವಾದ ದಾಲ್ಚಿನ್ನಿ ಕಾಗದದಂತೆ ತೆಳುವಾಗಿ ಪದರ ಪದರವಾಗಿ ಸುತ್ತಿಕೊಂಡಿರುತ್ತದೆ. ನಮ್ಮ ಪೇಟೆಗಳಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ ಒರಟು ಚಕ್ಕೆ ಅದರ ಜ್ಞಾತಿಯಾದ ಕೇಸಿಯ. ಮಂಡಿಪೇಟೆಯಲ್ಲಿ ನನಗೆ ಸಿಕ್ಕಿದ್ದೂ ಅದೇ. ಬಿಸಿಬೇಳೆಬಾತಿಗೂ ಕಾಳಿನ ಸಾರಿಗೂ ಅದು ಒದಗುತ್ತಿರುವುದರಿಂದ ಅದನ್ನು ಕೀಳೆಂದು ಹೇಳುವ ಧೈರ್ಯ ನನಗಿಲ್ಲ.

ಎಲ್ಲ ಸರಿಯೆ, ಓವನ್ನು ಎಲ್ಲಿದೆ? ನಮ್ಮ ಮನೆಯಲ್ಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಇಲ್ಲ. ಬೇಯಿಸಿದ್ದು, ಹುರಿದದ್ದು, ಕರಿದದ್ದು, ಆವಿಯಲ್ಲಿ ಬೆಂದದ್ದು ಇವೆಲ್ಲ ಮನೆಯವು. ಬಿಸಿಗಾಳಿಯಲ್ಲಿ ಬೆಂದದ್ದು ಬೇಕರಿಯದು. ಹುದುಗಿಸುವ ವಿದ್ಯೆಯಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ವಡ್ಡಾರಾಧನೆಯಲ್ಲಿಯೇ ಇಡ್ಡಲಿಗೆ ಇದೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗಾಗಿ ಹೆದ್ದಾರಿಯಲ್ಲಿ ಕಾರುಗಳು ಇವತ್ತಿಗೂ ಪಕ್ಕಕ್ಕೆ ತಿರುಗುತ್ತವೆ. ಆದರೆ ಹುದುಗಿದ ಹಿಟ್ಟನ್ನು ಭಟ್ಟಿಗೆ ಹಾಕುವ ಕೆಲಸವನ್ನು ಅಯ್ಯಂಗಾರರಿಗೆ ಬಿಟ್ಟುಕೊಟ್ಟೆವು. ೧೮೯೮ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದ ಆ ವ್ಯಾಪಾರವನ್ನು ಹಾಸನದ ಕಡೆಯ ಜನ ಊರೂರಿಗೆ ಒಯ್ದರು. ಮೊಟ್ಟೆಯಿಲ್ಲದ ಬನ್ನು, ದಿಲ್‌ಪಸಂದು, ಖಾರದ ಬಿಸ್ಕತ್ತು ಇವುಗಳಿಂದಾಗಿ ಮನೆಯಲ್ಲಿ ಬೇಯಿಸಬೇಕೆಂಬ ಅಗತ್ಯವೇ ನಮಗೆ ಕಾಣಲಿಲ್ಲ.

ಮಗಳು ಓವನ್ನಿನ ಬೆಲೆಗಳನ್ನು ಫೋನಿನಲ್ಲಿ ಓದಿ ಹೇಳುತ್ತಿದ್ದಳು. ನನ್ನ ಹೆಂಡತಿ ಅದನ್ನಿಡಲು ಜಾಗವಿಲ್ಲವೆಂದು ವಾದಿಸುತ್ತಿದ್ದಳು. ಅಮ್ಮ ಹೂ ಕಟ್ಟುತ್ತಿದ್ದವರು ತಲೆಯೆತ್ತದೆಯೆ, “ಅಟ್ಟದ ಮೇಲಿರೋ ಬಾಣಲೆ ಇಳಿಸ್ರಿ. ಮೇಲೆ ಕೆಂಡ ಕೆಳಗೆ ಕೆಂಡ ಕೊಟ್ರೆ ಅದೇ ನಿಮ್ಮ ಓವನ್ನು” ಎಂದರು.

ನನಗೆ ಮಂಗರಸ ನೆನಪಾದ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ವೆಂಬ ಗ್ರಂಥವಿದೆ, ಅಡಿಗೆಯ ಶಾಸ್ತ್ರವನ್ನೆಲ್ಲ ಷಟ್ಪದಿಯಲ್ಲಿ ಹೇಳಿದ ಪುಣ್ಯಾತ್ಮ. ಹಿಟ್ಟಿನ ತಿನಿಸುಗಳ ಪ್ರಕರಣದಲ್ಲಿ ‘ಮುಚ್ಚಳ ರೊಟ್ಟಿ’ ಎಂಬುದೊಂದು ಬರುತ್ತದೆ. ಗೋಧಿಯ ಹಿಟ್ಟಿನ ರೊಟ್ಟಿಯನ್ನು ಮುಚ್ಚಿ, ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಕ್ರಮ ಅದು. ಇದನ್ನು ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಯಾವ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಬರೆಯಲಾರದ ಟಿಪ್ಪಣಿ. ಈಗ ಅದೇ ಮಾತು ಷಟ್ಪದಿಯ ಹಂಗಿಲ್ಲದೆ ನಡುಮನೆಯಲ್ಲಿ ಬಂದು ಬಿತ್ತು. “ಗುಬ್ಬಿಯಲ್ಲಿ ಏನು ಮಾಡುತ್ತಿದ್ದಿರಿ ಹೀಗೆ?” ಎಂದು ಕೇಳಿದೆ. ರಾಗಿಹಿಟ್ಟು, ಬೆಲ್ಲ, ಕಾಯಿತುರಿ, ಹಣ್ಣಾಗಿ ಕಪ್ಪಿಟ್ಟ ಬಾಳೆಹಣ್ಣು ಕಲಸಿ ರಾತ್ರಿಯೇ ಬಾಣಲೆಗೆ ತಟ್ಟಿ, ಆರುತ್ತಿರುವ ಒಲೆಯಲ್ಲಿ ಇಟ್ಟು ಮೇಲೆ ಕೆಂಡ ಸುರಿದರೆ ಬೆಳಿಗ್ಗೆ ಹೊಲಕ್ಕೆ ಹೋಗುವವರಿಗೆ ಕಟ್ಟಿಕೊಡುವಷ್ಟು ದಪ್ಪ ರೊಟ್ಟಿ ಸಿದ್ಧವಾಗಿರುತ್ತಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಅದು ನಿಂತುಹೋಗಿತ್ತು.

ಬಾಣಲೆ ಅಟ್ಟದಿಂದ ಇಳಿದಾಗ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎಸೆಯುವುದೇ ವಾಸಿಯೆಂದು ನೋಡಿದವರಿಗೆ ಅನ್ನಿಸುವಂತಿತ್ತು. ಅಮ್ಮ ಅದನ್ನು ತಿರುಗಿಸಿ ಬೆರಳಿನ ಗಂಟಿನಿಂದ ಬಡಿದು ನಾದ ಕೇಳಿದರು, ಬಿರುಕಿಲ್ಲವೆಂದು ನಿಶ್ಚಯವಾಯಿತು. ತೆಂಗಿನ ನಾರು, ಇಟ್ಟಿಗೆಯ ಪುಡಿ ಹಾಕಿ ಮಗಳ ಕೈಯಲ್ಲಿ ಉಜ್ಜಿಸಿದರು. ಒಂದು ರಾತ್ರಿ ಅಕ್ಕಚ್ಚಿನಲ್ಲಿ ನೆನೆಹಾಕಿ, ಮರುದಿನ ತೊಳೆದು, ಬಿಸಿಲಿಗಲ್ಲ, ಒಲೆಗೇ ಇಟ್ಟು ಒಣಗಿಸಿದರು. ಆಮೇಲೆ ಹರಳೆಣ್ಣೆ. ಬಟ್ಟೆಯಲ್ಲಿ ಅದ್ದಿ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಆರಿಸಿ, ಮತ್ತೆ ಸವರಿ. ಹೀಗೆ ಮೂರು ದಿನ. ಶಾಖಕ್ಕೆ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಲೋಹದ ಮೇಲೆ ಗಟ್ಟಿಯಾದ ಹೊರಪದರವಾಗುತ್ತವೆ. ಅಂಟದಿರುವ ಗುಣ ಬರುವುದು ಅದರಿಂದ. ಹೆಚ್ಚು ಎಣ್ಣೆ ಬಳಿದರೆ ಪದರವಾಗದೆ ಜಿಗಟಾಗಿ ನಿಲ್ಲುತ್ತದೆ. ಇದನ್ನು ಮಗಳು ಎಲ್ಲಿಯೋ ಓದಿ ಹೇಳಿದಾಗ ಅಮ್ಮ, “ಅದಕ್ಕೇ ಅಲ್ವಾ ಒರೆಸು ಒರೆಸು ಅಂತ ಬಡ್ಕೊಳ್ತಿರೋದು” ಎಂದರು. ನಾಲ್ಕನೆಯ ದಿನ ಬಾಣಲೆ ಎಮ್ಮೆಯ ಕೊಂಬಿನಂತೆ ಕಪ್ಪಗೆ ಮಿರುಗಿತು.

ಇನ್ನು ಕೆಂಡದ ಪ್ರಶ್ನೆ. ಗ್ಯಾಸಿನ ಉರಿ ನಡುವೆ ಸುಡುತ್ತದೆ, ಅಂಚಿಗೆ ತಲುಪುವುದಿಲ್ಲ, ಮೇಲಕ್ಕಂತೂ ಏನೂ ಇಲ್ಲ. ಅಡಿಗೆಮನೆಯೊಳಕ್ಕೆ ಕೆಂಡ ತರುವ ಮಾತು ಬಂದಾಗ ನನ್ನ ಹೆಂಡತಿಯ ಮುಖ ನೋಡಿದೆ. ಆ ಗ್ರಾನೈಟು ಕಲ್ಲನ್ನು ಅವಳು ದಿನಕ್ಕೆ ನಾಲ್ಕು ಬಾರಿ ಒರೆಸುತ್ತಾಳೆ. ಅವಳೇ ಹೇಳಿದಳು: “ಅತ್ತೆ, ಹಿತ್ತಲಲ್ಲಿ ಮಾಡೋಣ. ಮೂರು ಇಟ್ಟಿಗೆ ಇಟ್ರೆ ಆಯ್ತಲ್ಲ.” ನಮ್ಮ ಹಿತ್ತಲೆಂದರೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಎಂಟಡಿ ಜಾಗ, ಅಷ್ಟೆ. ಯಾರ ರಾಜ್ಯಕ್ಕೂ ಸೇರದ ಗಡಿ. ಕೆಂಡಕ್ಕೆ ಕರಟ. ತೆಂಗಿನ ಸೀಮೆಯವರಾದ ನಮಗೆ ಕರಟಕ್ಕೆ ಬರವೇ? ಚೆನ್ನಾಗಿ ಉರಿದು ಹೊಗೆಯೆಲ್ಲ ಹೋದ ಮೇಲೆ ಕರಟದ ಕೆಂಡ ಸದ್ದಿಲ್ಲದೆ, ಒಂದೇ ಸಮನೆ, ಬಹಳ ಹೊತ್ತು ಕಾಯುತ್ತದೆ.

ಭಾನುವಾರ ಕಾಲು ಕಿಲೋ ಮೈದಾಕ್ಕೆ ಉಗುರುಬೆಚ್ಚಗಿನ ಹಾಲು ೧೫೦ ಮಿಲಿಲೀಟರು, ಒಂದು ಚಮಚ ಒಣ ಈಸ್ಟು, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಹಾಕಿ ಮಗಳು ನಾದಿದಳು. ಒಂದು ಗಂಟೆಯಲ್ಲಿ ಹಿಟ್ಟು ಇಮ್ಮಡಿಯಾಯಿತು. ಲಟ್ಟಿಸಿದ ಮೇಲೆ ಸಕ್ಕರೆಯ ಬದಲು ಪುಡಿಬೆಲ್ಲವನ್ನು ಹರಡಿದರು. ಅದು ನನ್ನ ಹೆಂಡತಿಯ ತೀರ್ಮಾನ. ಚಕ್ಕೆಯ ಪುಡಿಯ ಡಬ್ಬಿ ತೆರೆದಾಗ ಅಮ್ಮ ಗಾಬರಿಯಾದರು. “ಸಿಹಿಗೆ ಚಕ್ಕೆಯಾ? ಪಲಾವಿಗೆ ಬೆಲ್ಲ ಹಾಕಿದ ಹಾಗಾಗುತ್ತಲ್ಲೇ! ಒಂದೆರಡು ಏಲಕ್ಕಿ ಕುಟ್ಟಿ ಹಾಕು.” ಮಗಳು ಒಪ್ಪಲಿಲ್ಲ. ಈ ಒಂದು ವಿಷಯದಲ್ಲಿ ಅಜ್ಜಿ ಸೋತರು. ಸುತ್ತಿದ ಸುರುಳಿಯನ್ನು ಚಾಕುವಿನಿಂದ ಕೊಯ್ದರೆ ಅದುಮಿಹೋಗುತ್ತದೆ. ಹೊಲಿಗೆಯ ದಾರವನ್ನು ಕೆಳಗೆ ತೂರಿಸಿ ಮೇಲೆ ಅಡ್ಡ ಹಾಕಿ ಎಳೆದರೆ ಸುತ್ತುಗಳು ಹಾಗೆಯೇ ನಿಲ್ಲುತ್ತವೆ. ಏಳು ಸುರುಳಿಗಳಾದವು. ನಡುವೆ ಒಂದು, ಸುತ್ತ ಆರು. ಬೆಣ್ಣೆ ಸವರಿದ ಬಾಣಲೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಮತ್ತೆ ಮುಕ್ಕಾಲು ಗಂಟೆ ಬಿಟ್ಟಾಗ ಉಬ್ಬಿ ಭುಜಕ್ಕೆ ಭುಜ ತಾಗಿಸಿಕೊಂಡವು. ಅಮ್ಮ ಬೆರಳಿನಿಂದ ಮೆಲ್ಲಗೆ ಒತ್ತಿದರು. ಗುಳಿ ಬಿದ್ದು, ತಡೆದು, ನಿಧಾನವಾಗಿ ಮೇಲಕ್ಕೆ ಬಂತು. “ಸಾಕು” ಎಂದರು. ಈಸ್ಟನ್ನು ಅವರು ಆ ಮೊದಲು ಮುಟ್ಟಿದವರಲ್ಲ.

ಹಿತ್ತಲಲ್ಲಿ ಅವರಿಗೊಂದು ಮಣೆ ಹಾಕಿದೆವು. ಕೆಳಗೆ ಒಂದು ಪಾಲು ಕೆಂಡ, ಮೇಲೆ ಎರಡು ಪಾಲು. ಕೆಳಗಿನದು ಅಂಚಿಗೆ, ನಡುವೆ ಖಾಲಿ. ಶಾಖ ತಾನಾಗಿ ಮೇಲಕ್ಕೇ ಹೋಗುವುದರಿಂದ ಮೇಲಿನಿಂದ ಕೆಳಕ್ಕೆ ಶಾಖ ಇಳಿಸಬೇಕಾದರೆ ಕೆಂಡ ಹೆಚ್ಚು ಬೇಕಾಗುತ್ತದೆ. ಬೀಡು ತಾಮ್ರದಂತೆ, ಅಲ್ಯೂಮಿನಿಯಂನಂತೆ ಶಾಖವನ್ನು ಬೇಗ ಹರಡುವುದಿಲ್ಲ. ಕಾಯುವುದು ತಡ, ಆರುವುದೂ ತಡ. ಆದರೆ ಕಾದ ಮೇಲೆ ಕೆಂಡ ಕೊಂಚ ಮಂಕಾದರೂ ಒಳಗಿನ ಕಾವು ಕದಲುವುದಿಲ್ಲ; ಹಿಟ್ಟಿಗೆ ಬೇಕಾದದ್ದು ಈ ನಿಧಾನವೇ.

ಕೆಂಡವನ್ನು ಇಕ್ಕಳದಿಂದ ಜೋಡಿಸುತ್ತಿದ್ದವಳು ನನ್ನ ಹೆಂಡತಿ. ಒಂದೆರಡು ಕಡೆ ಒತ್ತಾಗಿ ಬಿದ್ದವು. ಅಮ್ಮ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೆಂದಿಲ್ಲದೆ, “ನಮ್ಮತ್ತೆ ಎರಡು ವರ್ಷ ಈ ಬಾಣಲೆ ಮುಟ್ಟಿಸಲಿಲ್ಲ ನನಗೆ. ದೂರ ನಿಂತ್ಕೊಂಡು ನೋಡ್ತಿದ್ದೆ. ಮೂರನೇ ವರ್ಷ ಜ್ವರ ಬಂದು ಮಲಗಿದಾಗ, ಹೋಗಿ ಮಾಡು ಅಂದ್ರು. ಎಲ್ಲಾ ಬರ್ತಿತ್ತು” ಎಂದರು. ನನ್ನ ಹೆಂಡತಿ ಏನೂ ಹೇಳಲಿಲ್ಲ. ಇಕ್ಕಳವನ್ನು ಸೆರಗಿನಲ್ಲಿ ಒರೆಸಿ ಅಮ್ಮನ ಕೈಗೆ ಕೊಟ್ಟು, ಮಣೆಯ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತಳು. ೭೮ ವರ್ಷದ ಕೈ. ಲೋಟ ಹಿಡಿದರೆ ನಡುಗುತ್ತದೆ. ಇಕ್ಕಳ ಹಿಡಿದಾಗ ನಡುಗಲಿಲ್ಲವೆಂದು ಬರೆದರೆ ಕಥೆಯಂತಾಗುತ್ತದೆ. ನಡುಗಿತು. ಎರಡು ಕೆಂಡ ಜಾರಿ ಕೆಳಗೆ ಬಿದ್ದವು. ಉಳಿದವು ಬೇಕಾದ ಕಡೆ ಹೋಗಿ ಕುಳಿತವು.

ಗಡಿಯಾರ ನೋಡುವವಳು ಮಗಳು. ಇಪ್ಪತ್ತೈದು ನಿಮಿಷವೆಂದು ಅವಳ ಪುಸ್ತಕ ಹೇಳುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ಬೆಲ್ಲ ಕರಗಿದ ವಾಸನೆ ಬಂತು, ಅದರ ಬೆನ್ನಿಗೆ ಚಕ್ಕೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, “ಏನ್ ಮೇಷ್ಟ್ರೇ, ಬಿರಿಯಾನಿನಾ?” ಎಂದು ಕೇಳಿದರು. ಅಮ್ಮ ನನ್ನ ಕಡೆ ನೋಡಿದ ನೋಟದಲ್ಲಿ ಏಲಕ್ಕಿಯ ವಾದವೆಲ್ಲ ಇತ್ತು. ಇಪ್ಪತ್ತೈದಾಯಿ‌ತೆಂದು ಮಗಳು ಕಾವಲಿಗೆ ಕೈಹಾಕಲು ಹೋದಳು. “ಇರು, ಇನ್ನೂ ಹಸಿ ವಾಸನೆ” ಎಂದು ತಡೆದರು. ಇನ್ನೂ ಐದಾರು ನಿಮಿಷ ಕಳೆಯಿತು. ನಮಗಾರಿಗೂ ವಾಸನೆಯಲ್ಲಿ ಯಾವ ಬದಲಾವಣೆಯೂ ತಿಳಿಯಲಿಲ್ಲ. “ತೆಗಿ ಈಗ” ಎಂದರು.

ಮೇಲೆ ಹೊಂಬಣ್ಣ, ಒಂದು ಕಡೆ ಮಾತ್ರ ಕೊಂಚ ಕಪ್ಪು. ತಳದಲ್ಲಿ ಬೆಲ್ಲವೂ ಬೆಣ್ಣೆಯೂ ಸೇರಿ ಗಾಜಿನಂತಾಗಿತ್ತು. ಆದರೂ ಬಾಣಲೆಯನ್ನು ಮಗುಚಿದರೆ ಏಳೂ ಒಂದೇ ಚಕ್ರವಾಗಿ ತಟ್ಟೆಗೆ ಬಿದ್ದವು. ರುಚಿಯ ವಿಷಯವಾಗಿ ನನ್ನ ಅಭಿಪ್ರಾಯಕ್ಕೆ ಹೆಚ್ಚು ಬೆಲೆಯಿಲ್ಲ. ನಾನು ಎರಡು ತಿಂದೆ. ಅಮ್ಮ ನಡುವಿನ ಮೆತ್ತಗಿನದನ್ನು ಬಿಡಿಸಿ ಹಾಲಿನಲ್ಲಿ ಅದ್ದಿ ತಿಂದು, “ಚೆನ್ನಾಗಿದೆ, ಔಷಧಿ ಹಾಗಿದೆ” ಎಂದರು.

ಆಮೇಲೆ ಮೂರು ಭಾನುವಾರಗಳಾದವು. ಎರಡನೆಯ ಸಲ ಎಳ್ಳು ಬೆಲ್ಲ ತುಂಬಿ ಮಾಡಿದರು, ಏಲಕ್ಕಿ ಹಾಕಿ. ಅದೇ ಮೇಲೆಂದು ಮನೆಯಲ್ಲಿ ಬಹುಮತ, ಮಗಳೊಬ್ಬಳು ಬಿಟ್ಟು. ಎಳ್ಳು ಹುರಿದದ್ದು ಅಡಿಗೆಮನೆಯೊಳಗೆ, ಗ್ಯಾಸಿನ ಮೇಲೆ, ಅಮ್ಮ. ನನ್ನ ಹೆಂಡತಿ ಪಕ್ಕದಲ್ಲಿ ನಿಂತು ಚಟ್ನಿಗೆ ಕಾಯಿ ತುರಿಯುತ್ತಿದ್ದಳು. ಎಳ್ಳು ಚಟಪಟನೆ ಸಿಡಿದು ಗ್ರಾನೈಟಿನ ಮೇಲೆಲ್ಲ ಹರಡಿತು. ಅವಳು ಒರೆಸಿದ್ದು ಅಮ್ಮ ಹೊರಗೆ ಹೋದ ಮೇಲೆ.

ಮೊನ್ನೆ ಅಮ್ಮನ ಸರದಿ ಬದಲಾಯಿತು. ದೊಡ್ಡಣ್ಣ ಬೆಂಗಳೂರಿನಿಂದ ಕಾರು ತಂದಿದ್ದರು. ಚೀಲಗಳನ್ನು ಹಾಕುವಾಗ ನನ್ನ ಹೆಂಡತಿ ಬಾಣಲೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು, “ಇದನ್ನೂ ಇಡಲಾ, ಅತ್ತೆ?” ಎಂದು ಕೇಳಿದಳು. ಅಮ್ಮ ಗಂಟನ್ನು ಒಮ್ಮೆ ಮುಟ್ಟಿ ನೋಡಿದರು.

“ಅಲ್ಲಿ ಗಾಜಿನ ಒಲೆ ಕಣಮ್ಮ, ಈ ಭಾರಕ್ಕೆ ಒಡೆದೇಹೋದೀತು. ಇಲ್ಲೇ ಇರ್ಲಿ. ಅಟ್ಟಕ್ಕೆ ಹಾಕ್ಬೇಡ, ವಾರಕ್ಕೊಂದು ಸಲ ಎಣ್ಣೆ ಕೈ ಆಡಿಸ್ತಿರು.”